ಲಕ್ಷ್ಯ ಎಲ್ಲಿ ಐತಿ?



ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿಯ ಕಡೆ ಶಾಲೆ ಕಲಿತವರಿಗೆ ನನ್ನ ಮಾತಿನ ತಲೆಬರಹವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಿಟಕಿಯಾಚೆ ಕಬ್ಬು ಹೇರಿದ ಟ್ರ್ಯಾಕ್ಟರುಗಳ ಸಾಲು ಹೊರಟಿರುತ್ತದೆ. ಒಳಗೆ ಗುರುಗಳು ಬೀಜಗಣಿತ ಹೇಳುತ್ತಿರುತ್ತಾರೆ. ಮೂರನೆಯ ಬೆಂಚಿನ ಹುಡುಗನ ಕಣ್ಣು ಹಲಗೆಯ ಮೇಲಿದ್ದರೂ ಮನಸ್ಸು ಟ್ರ್ಯಾಕ್ಟರಿನ ಹಿಂದೆ ಹೋಗಿರುತ್ತದೆ. ಆಗ ಬರುತ್ತದೆ ಗದರಿಕೆ: "ಲೇ, ಲಕ್ಷ್ಯ ಎಲ್ಲಿ ಐತಿ?" ಪಕ್ಕದ ಮರಾಠಿ ಶಾಲೆಯಲ್ಲಾದರೆ ಅದೇ ಮಾತು, "ಲಕ್ಷ ಕುಠೆ ಆಹೇ?" ಎಂದು. ಗಡಿಯ ಎರಡೂ ಭಾಷೆಗಳು ಈ ಶಬ್ದವನ್ನು ಹಂಚಿಕೊಂಡಿವೆ. ಎರಡರಲ್ಲೂ ಲಕ್ಷ್ಯವನ್ನು 'ಕೊಡುತ್ತಾರೆ'. ಕೈಯಲ್ಲಿ ಇರುವುದನ್ನು ತಾನೆ ಕೊಡುವುದು? ಆದ್ದರಿಂದ ಕೊಡದ ಹುಡುಗ ಹಟಮಾರಿ ಇರಬೇಕು, ಇಲ್ಲವೇ ದಡ್ಡ ಇರಬೇಕು ಎಂದು ನಾವು ತೀರ್ಮಾನಿಸಿಬಿಡುತ್ತೇವೆ. ಈ ತೀರ್ಮಾನ ಎಷ್ಟರಮಟ್ಟಿಗೆ ಸರಿ ಎಂಬುದನ್ನು ನಿಮ್ಮೊಡನೆ ಪರಿಶೀಲಿಸಬೇಕೆಂದಿದ್ದೇನೆ.

ಇಂಥ ಪ್ರಶ್ನೆಯನ್ನು ಊಹೆಯಿಂದಲ್ಲದೆ ಪ್ರಯೋಗದಿಂದ ಬಿಡಿಸಬೇಕೆಂಬ ಪದ್ಧತಿ ಕನ್ನಡ ನಾಡಿನ ಕಾಲೇಜಿಗೆ ಬಂದು ನೂರು ವರ್ಷಗಳಾದವು. ಕಲಕತ್ತಾ ವಿಶ್ವವಿದ್ಯಾನಿಲಯದಲ್ಲಿ 1916ರಲ್ಲಿ ಮನಃಶಾಸ್ತ್ರಕ್ಕೆ ಪ್ರತ್ಯೇಕ ವಿಭಾಗ ಆರಂಭವಾಗಿತ್ತು. 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವೂ ಆ ದಾರಿ ಹಿಡಿಯಿತು. ಆಗ ಅಲ್ಲಿ ಉಪಕುಲಪತಿಗಳಾಗಿದ್ದವರು ಬ್ರಜೇಂದ್ರನಾಥ ಸೀಲ್. ಸ್ವತಃ ದೊಡ್ಡ ದಾರ್ಶನಿಕರು. ಹೊಸ ವಿಭಾಗದ ಹೊಣೆ ಹೊತ್ತವರು ಎಂ. ವಿ. ಗೋಪಾಲಸ್ವಾಮಿ. ಅವರು ಲಂಡನ್ ವಿಶ್ವವಿದ್ಯಾನಿಲಯದಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಕೈಕೆಳಗೆ ಕಲಿತು ಬಂದಿದ್ದರು. ಮನುಷ್ಯನ ಬುದ್ಧಿಯನ್ನು ಲೆಕ್ಕಾಚಾರದಿಂದ ಅಳೆಯಲು ಹೊರಟ ಮೊದಲಿಗರಲ್ಲಿ ಸ್ಪಿಯರ್‌ಮನ್ ಒಬ್ಬರು. ಗೋಪಾಲಸ್ವಾಮಿಯವರ ಸಂಶೋಧನೆಯ ವಿಷಯ ಮಾತ್ರ ಕೈಗೆ ಹತ್ತಿರವಾದದ್ದು: ಕೈ ಒಂದು ಹೊಸ ಕೆಲಸವನ್ನು ಕಲಿಯುವಾಗ ಅದರಲ್ಲಿ ಬುದ್ಧಿಯ ಪಾಲು ಎಷ್ಟು? ಕಡಿಮೆ ಶ್ರಮದಲ್ಲಿ ಹೆಚ್ಚು ಕಲಿಯುವುದು ಹೇಗೆ? ಈ ಬಗ್ಗೆ ಅವರ ಲೇಖನಗಳು 1924ರಲ್ಲಿ ಮತ್ತು 1925ರಲ್ಲಿ ಬ್ರಿಟನ್ನಿನ ಮನಃಶಾಸ್ತ್ರ ಪತ್ರಿಕೆಯಲ್ಲಿ ಪ್ರಕಟವಾದವು.

ಕೈ ಕಲಿಯುವುದಕ್ಕೂ ಗಮನಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಅದಕ್ಕೆ ಒಂದು ಹಳೆಯ ಪ್ರಯೋಗವಿದೆ. ಪದವಿ ತರಗತಿಗಳಲ್ಲಿ ಮನಃಶಾಸ್ತ್ರ ಓದುವವರು ಇಂದಿಗೂ ಮಾಡುತ್ತಾರೆ. ನೀವು ಮನೆಯಲ್ಲೇ ಮಾಡಬಹುದು. ಒಂದು ಕಾಗದದ ಮೇಲೆ ಐದು ಮೂಲೆಯ ನಕ್ಷತ್ರ ಬರೆದು, ಅದರೊಳಗೆ ಅರ್ಧ ಸೆಂಟಿಮೀಟರು ಬಿಟ್ಟು ಇನ್ನೊಂದು ನಕ್ಷತ್ರ ಬರೆಯಿರಿ. ಎದುರಿಗೆ ಕನ್ನಡಿ ನಿಲ್ಲಿಸಿ. ಕಾಗದವೂ ಕೈಯೂ ನೇರವಾಗಿ ಕಾಣದಂತೆ ಒಂದು ಪುಸ್ತಕವನ್ನು ಅಡ್ಡ ಹಿಡಿಯಲು ತಂಗಿಗೋ ತಮ್ಮನಿಗೋ ಹೇಳಿ. ಈಗ ಕನ್ನಡಿಯಲ್ಲಿ ಮಾತ್ರ ನೋಡುತ್ತ, ಎರಡು ಗೆರೆಗಳ ನಡುವೆ ಪೆನ್ಸಿಲು ಓಡಿಸಿ ನಕ್ಷತ್ರವನ್ನು ಒಂದು ಸುತ್ತು ಹಾಕಿ. ಕೈ ಮೊದಲ ಮೂಲೆಯಲ್ಲೇ ತಡವರಿಸುತ್ತದೆ. ಮೇಲೆ ಹೋಗು ಎಂದರೆ ಕೆಳಗೆ ಬರುತ್ತದೆ. ಆ ಹೊತ್ತಿನಲ್ಲಿ ಯಾರಾದರೂ ನಿಮ್ಮನ್ನು ಮಾತನಾಡಿಸಿದರೆ ಉತ್ತರ ಕೊಡಲೂ ಆಗುವುದಿಲ್ಲ. ಇದ್ದಬದ್ದ ಗಮನವೆಲ್ಲ ಆ ಪೆನ್ಸಿಲಿನ ತುದಿಯಲ್ಲಿ ಖರ್ಚಾಗಿರುತ್ತದೆ. ಎಂಟು ಹತ್ತು ಸಲ ಮಾಡಿದ ಮೇಲೆ ಕೈ ಸಲೀಸಾಗುತ್ತದೆ, ಮಾತನಾಡುತ್ತಲೇ ಬರೆಯುತ್ತೀರಿ.

ಇದೇ ನಕ್ಷತ್ರ ಮುಂದೆ ಮಿದುಳಿನ ಒಂದು ಗುಟ್ಟನ್ನು ಬಯಲು ಮಾಡಿತು. ಅಮೆರಿಕದ ಹೆನ್ರಿ ಮೊಲೈಸನ್ ಎಂಬಾತನಿಗೆ ತೀವ್ರ ಮೂರ್ಛೆರೋಗವಿತ್ತು. 1953ರಲ್ಲಿ ಶಸ್ತ್ರಚಿಕಿತ್ಸೆ ಮಾಡಿ, ಮಿದುಳಿನ ಎರಡೂ ಪಕ್ಕದ ಹಿಪ್ಪೊಕ್ಯಾಂಪಸ್ ಎಂಬ ಭಾಗವನ್ನು ಬಹುಮಟ್ಟಿಗೆ ತೆಗೆದರು. ಮೂರ್ಛೆ ಕಡಿಮೆಯಾಯಿತು, ಆದರೆ ಹೊಸ ಸಂಗತಿ ಯಾವುದೂ ಆತನ ನೆನಪಿನಲ್ಲಿ ನಿಲ್ಲದಾಯಿತು. ಬ್ರೆಂಡಾ ಮಿಲ್ನರ್ ಎಂಬ ಮನಃಶಾಸ್ತ್ರಜ್ಞೆ ಆತನಿಂದ ಮೂರು ದಿನ ಈ ಕನ್ನಡಿ ನಕ್ಷತ್ರ ಬರೆಯಿಸಿದರು. ಹಿಂದೆ ಬರೆದದ್ದೇ ಆತನಿಗೆ ನೆನಪಿಲ್ಲ, ಆದರೆ ಕೈ ಮಾತ್ರ ದಿನದಿಂದ ದಿನಕ್ಕೆ ಸುಧಾರಿಸಿತು. ಅಂದರೆ ತಿಳಿದು ನೆನಪಿಡುವ ಏರ್ಪಾಡು ಬೇರೆ, ರೂಢಿಯಿಂದ ಕೈಗೆ ಬರುವ ಏರ್ಪಾಡು ಬೇರೆ. ಎರಡನೆಯದು ಪಳಗಿದ ಮೇಲೆ ಗಮನದ ಮೇಲೆ ಹೊರೆ ಹಾಕುವುದಿಲ್ಲ.

ನಿಪ್ಪಾಣಿಯವರಿಗೆ ಇದಕ್ಕೆ ದೂರದ ಉದಾಹರಣೆ ಬೇಡ. ತಂಬಾಕಿಗೂ ಬೀಡಿಗೂ ಹೆಸರಾದ ಊರು ನಿಮ್ಮದು. ಮೊರ ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುವ ತಾಯಂದಿರನ್ನು ನೋಡಿದ್ದೀರಿ. ಎಲೆ ಕತ್ತರಿಸುವುದು, ತಂಬಾಕು ಹಾಕುವುದು, ಸುರುಳಿ ಸುತ್ತುವುದು, ತುದಿ ಮಡಚಿ ದಾರ ಕಟ್ಟುವುದು, ಎಲ್ಲವೂ ಬೆರಳುಗಳ ಪಾಡಿಗೆ ಬೆರಳು ನಡೆಸುತ್ತವೆ. ಅವರು ಮಗಳ ಮದುವೆಯ ಮಾತನ್ನೂ ಆಡುತ್ತಿರುತ್ತಾರೆ. ಸಾವಿರ ಬೀಡಿಗೆ ಇಂತಿಷ್ಟು ಎಂದು ಮಜೂರಿ. ಆದ್ದರಿಂದ ಕೈ ನಿಲ್ಲುವಂತಿಲ್ಲ. ಅವರ ಪಕ್ಕದಲ್ಲಿ ಪುಸ್ತಕ ಹಿಡಿದು ಕುಳಿತ ಮಗಳಿಗೂ ಒಂದಿಷ್ಟು ದಾರ ಸುತ್ತಿಕೊಡಲು ಹೇಳುವುದುಂಟು. "ನಾನು ಮಾತಾಡಿಕೋತ ಕಟ್ಟತೀನಿ, ನಿನಗ ಓದಿಕೋತ ಸುತ್ತಾಕ ಆಗೂದಿಲ್ಲೇನು?" ಎಂದು ತಾಯಿ ಕೇಳಿದರೆ ಅದು ಅವರ ಅನುಭವದ ಮಾತು. ಆದರೆ ಹುಡುಗಿಯ ಮುಂದಿರುವುದು ಪಳಗಿದ ಕೆಲಸವಲ್ಲ, ಹೊಸ ಪಾಠ. ಹೊಸ ಪಾಠ ಕನ್ನಡಿಯ ನಕ್ಷತ್ರದಂತೆ ಪೂರ್ತಿ ಗಮನ ಕೇಳುತ್ತದೆ. ಅವಳಿಗೆ ಓದಿದ್ದು ತಲೆಗೆ ಹತ್ತದಿದ್ದರೆ ತಪ್ಪು ಅವಳ ತಲೆಯದಲ್ಲ. ಓದುವ ಹೊತ್ತನ್ನು ಬರೀ ಓದಿಗೆ ಬಿಟ್ಟುಕೊಡುವುದು ಆ ಮನೆಗೆ ಸುಲಭವಲ್ಲ ಎಂಬುದು ನನಗೆ ಗೊತ್ತು. ಆದರೂ ಈ ಮಾತನ್ನು ಹೇಳಲೇಬೇಕು.

ಒಂದೇ ಕಾಲಕ್ಕೆ ಎರಡು ಹೊಸ ಕೆಲಸ ಮಾಡಬಲ್ಲೆ ಎನ್ನುವವರು ಹುಡುಗರಲ್ಲಿಯೂ ಇದ್ದಾರೆ. ಅವರ ಕೈಯಲ್ಲಿ ಮೊರದ ಬದಲು ಮೊಬೈಲು ಇರುತ್ತದೆ. ಅವರಿಗೊಂದು ಸಣ್ಣ ಪರೀಕ್ಷೆ. ಗಡಿಯಾರ ನೋಡಿಕೊಂಡು ಒಂದರಿಂದ ಹತ್ತರವರೆಗೆ ಎಣಿಸಿ. ಆಮೇಲೆ ಅ ಆ ಇ ಈ ಎಂದು ಹತ್ತು ಅಕ್ಷರ ಹೇಳಿ. ಎರಡಕ್ಕೂ ಸೇರಿ ಎಷ್ಟು ಸೆಕೆಂಡು ಹಿಡಿಯಿತೋ ಬರೆದಿಡಿ. ಈಗ ಒಂದು-ಅ, ಎರಡು-ಆ, ಮೂರು-ಇ ಎಂದು ಹೆಣೆದು ಹೇಳಿ. ಇಪ್ಪತ್ತೇ ಶಬ್ದ, ಆದರೆ ಎಷ್ಟು ಹೆಚ್ಚು ಹೊತ್ತು! ನಡುವೆ ಒಮ್ಮೆಯಾದರೂ ಎಡವಿರುತ್ತೀರಿ. ನಾವು 'ಎರಡನ್ನೂ ಒಟ್ಟಿಗೆ' ಎನ್ನುವುದು ನಿಜವಾಗಿ ಒಂದರಿಂದ ಇನ್ನೊಂದಕ್ಕೆ ಜಿಗಿಯುವುದು. ಪ್ರತಿ ಜಿಗಿತಕ್ಕೂ ಮಿದುಳಿನ ಮುಂಭಾಗ ಹಳೆಯ ಲೆಕ್ಕವನ್ನು ಬದಿಗಿಟ್ಟು ಹೊಸದನ್ನು ಎತ್ತಿಕೊಳ್ಳಬೇಕು. ಆ ಬಾಬ್ತು ಸಮಯವೂ ತಪ್ಪುಗಳೂ ಹೆಚ್ಚುತ್ತವೆ.

ಹಾಗಾದರೆ ನಮ್ಮ ಅವಧಾನಿಗಳು? ಎಂದು ಯಾರಾದರೂ ಕೇಳಿಯಾರು. ಒಳ್ಳೆಯ ಪ್ರಶ್ನೆ. ಅವಧಾನ ಎಂದರೇ ಗಮನ. ಅಷ್ಟಾವಧಾನದಲ್ಲಿ ಎಂಟು ಜನ ಪೃಚ್ಛಕರು ಎಂಟು ಬಗೆಯ ಸವಾಲು ಒಡ್ಡುತ್ತಾರೆ. ಅವರಲ್ಲಿ ಒಬ್ಬರ ಕೆಲಸವೇ ಅಪ್ರಸ್ತುತ ಪ್ರಸಂಗ ತೆಗೆದು ಅವಧಾನಿಯ ಮನಸ್ಸನ್ನು ಕದಡುವುದು. ಶತಾವಧಾನಿ ಆರ್. ಗಣೇಶ್ ಅವರು ಈ ಕಲೆಯನ್ನು ಕನ್ನಡದಲ್ಲಿ ಮತ್ತೆ ಜನಪ್ರಿಯಗೊಳಿಸಿದವರು. ನೋಡುವ ಅವಕಾಶ ಸಿಕ್ಕರೆ ಸೂಕ್ಷ್ಮವಾಗಿ ನೋಡಿ: ಅವಧಾನಿ ಎಂಟು ಪದ್ಯಗಳನ್ನು ಒಟ್ಟಿಗೆ ಕಟ್ಟುವುದಿಲ್ಲ. ಒಂದು ಸುತ್ತಿಗೆ ಒಬ್ಬರಿಗೆ ಒಂದು ಪಾದ, ಮತ್ತೆ ಮುಂದಿನವರಿಗೆ ಒಂದು ಪಾದ. ಆಯಾ ಗಳಿಗೆಯಲ್ಲಿ ಗಮನವೆಲ್ಲ ಒಂದೇ ಕಡೆ. ಬಿಟ್ಟ ಎಳೆಯನ್ನು ಮತ್ತೆ ಹಿಡಿಯುವುದಕ್ಕೆ ಧಾರಣಶಕ್ತಿ ಇದೆ, ಛಂದಸ್ಸು ಕೈಗೆ ಪಳಗಿದೆ. ವರ್ಷಗಟ್ಟಲೆ ಸಾಧನೆ ಮಾಡಿದವರೂ ಜಿಗಿಯುವುದನ್ನು ಕಲಿತಿದ್ದಾರೆಯೇ ಹೊರತು ಮನಸ್ಸನ್ನು ಎಂಟು ಹೋಳು ಮಾಡುವುದನ್ನಲ್ಲ.

ಮಿದುಳು ಒಂದನ್ನು ಆರಿಸಿ ಉಳಿದದ್ದನ್ನು ಬಿಡುವುದು ಹೇಗೆ? ಅಮೆರಿಕದ ಮೈಕೆಲ್ ಪೋಸ್ನರ್ 1980ರಲ್ಲಿ ವಿವರಿಸಿದ ಒಂದು ಸರಳ ಪ್ರಯೋಗದಿಂದ ಈ ಕ್ಷೇತ್ರ ಬಹಳ ಬೆಳೆಯಿತು. ಪರದೆಯ ಮಧ್ಯದಲ್ಲಿ ದೃಷ್ಟಿ ನೆಟ್ಟು ಕುಳಿತಿರಬೇಕು, ಕಣ್ಣು ಕದಲಿಸಬಾರದು. ಎಡಕ್ಕೋ ಬಲಕ್ಕೋ ಒಂದು ಸೂಚನೆ ಬರುತ್ತದೆ, ಆಮೇಲೆ ಒಂದು ಗುರುತು ಮೂಡುತ್ತದೆ. ಸೂಚನೆ ಬಂದ ಕಡೆಯೇ ಗುರುತು ಬಂದರೆ ಜನ ಬೇಗ ಗುಂಡಿ ಒತ್ತುತ್ತಾರೆ, ಎದುರು ಕಡೆ ಬಂದರೆ ತಡವಾಗುತ್ತದೆ. ಕಣ್ಣು ಅಲ್ಲಾಡಿಲ್ಲ, ಆದರೂ ಒಳಗೆ ಏನೋ ಒಂದು ಚಲಿಸಿದೆ. ಸಂಸ್ಕೃತದಲ್ಲಿ 'ಗಮನ' ಎಂದರೆ ಹೋಗುವುದು ಎಂಬುದು ನಿಮಗೆ ನೆನಪಾದರೆ ಸಂತೋಷ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2009ರಲ್ಲಿ ನರವಿಜ್ಞಾನಕ್ಕಾಗಿಯೇ ಒಂದು ಕೇಂದ್ರ ಸ್ಥಾಪನೆಯಾಯಿತು. ಅಲ್ಲಿಯ ಪ್ರಾಧ್ಯಾಪಕರಲ್ಲಿ ಆದಿತ್ಯ ಮೂರ್ತಿಯವರು ಕಣ್ಣಿನ ಚಲನೆಯನ್ನು ಮಿದುಳು ಹೇಗೆ ನಿರ್ಧರಿಸುತ್ತದೆಂದು ನೋಡುತ್ತಾರೆ. ಸುಪ್ರತಿಮ್ ರೇ ಮಿದುಳಿನ ವಿದ್ಯುತ್ ಲಯಗಳನ್ನು ಅಳೆಯುತ್ತಾರೆ. ದೇವರಾಜನ್ ಶ್ರೀಧರನ್ ಅವರ ಪ್ರಯೋಗಾಲಯ ಗಮನವನ್ನೇ ಮುಖ್ಯ ವಿಷಯ ಮಾಡಿಕೊಂಡಿದೆ. ಅವರು ಕೇಳಿದ ಒಂದು ಪ್ರಶ್ನೆ ನನಗೆ ತುಂಬ ಹಿಡಿಸಿತು. ಗಮನ ಕೊಟ್ಟ ಕಡೆ ನಮಗೆ ಚೆನ್ನಾಗಿ ಕಾಣುತ್ತದೆ ಎನ್ನುತ್ತೇವಲ್ಲ, ನಿಜವಾಗಿ ಕಾಣುವುದು ಸ್ಪಷ್ಟವಾಗುತ್ತದೆಯೋ ಅಥವಾ ಆ ಕಡೆಯಿಂದ ಬಂದ ಸುದ್ದಿಗೆ ನಾವು ಹೆಚ್ಚು ತೂಕ ಕೊಟ್ಟು ಬೇಗ ನಂಬುತ್ತೇವೆಯೋ? ಎರಡೂ ಇವೆ, ಮತ್ತು ಎರಡೂ ಬೇರೆ ಬೇರೆ. 2019ರಲ್ಲಿ ಪ್ರಕಟವಾದ ಅವರ ತಂಡದ ಅಧ್ಯಯನದ ಪ್ರಕಾರ, ಮಿದುಳಿನ ನಡುಭಾಗದ ಸುಪೀರಿಯರ್ ಕಾಲಿಕ್ಯುಲಸ್ ಎಂಬ ಪುಟ್ಟ ಗುಬ್ಬಕ್ಕೂ ಹೊರಪದರಕ್ಕೂ ಇರುವ ನರತಂತುಗಳ ಜೋಡಣೆ ಈ ಎರಡನೆಯ ಅಂಶಕ್ಕೆ, ಅಂದರೆ ತೂಕ ಕೊಡುವುದಕ್ಕೆ, ಸಂಬಂಧಿಸಿದೆ. ಮೀನು, ಕಪ್ಪೆಗಳ ಮಿದುಳಿನಲ್ಲಿಯೂ ಇದಕ್ಕೆ ಸಮನಾದ ಭಾಗವಿದೆ. ಗಮನ ಎಂಬುದು ಪಂಡಿತರ ಸೊತ್ತಲ್ಲ, ಬೇಟೆ ಹುಡುಕುವ ಪ್ರಾಣಿಗೂ ಬೇಕಾದ ಹಳೆಯ ಉಪಕರಣ ಎಂಬುದಕ್ಕೆ ಇದೊಂದು ಸಾಕ್ಷಿ.

ಮಿದುಳು ತೂಕ ಕೊಡುತ್ತದೆ ಎಂದ ಮೇಲೆ, ಯಾವುದಕ್ಕೆ ಕೊಡುತ್ತದೆ ಎಂಬ ಪ್ರಶ್ನೆ ಬರುತ್ತದೆ. ಇಲ್ಲಿಗೆ ನಾವು ಅಭಿಪ್ರೇರಣೆಗೆ ಬಂದೆವು. ಗದ್ದಲದ ಸಂತೆಯಲ್ಲಿ ನೂರು ದನಿಗಳ ನಡುವೆ ನಿಮ್ಮ ಹೆಸರು ಮಾತ್ರ ಥಟ್ಟನೆ ಕಿವಿಗೆ ಬೀಳುವುದುಂಟು. 1959ರಲ್ಲಿ ನೆವಿಲ್ ಮೊರೆ ಎಂಬವರು ಪ್ರಯೋಗ ಮಾಡಿ ನೋಡಿದರು. ಒಂದು ಕಿವಿಯ ಮಾತನ್ನು ಒಪ್ಪಿಸುತ್ತಿದ್ದವರಿಗೆ ಇನ್ನೊಂದು ಕಿವಿಯಲ್ಲಿ ಹೇಳಿದ್ದು ಏನೂ ತಿಳಿಯುತ್ತಿರಲಿಲ್ಲ. ಆದರೆ ಆ ಕಿವಿಯಲ್ಲಿ ಅವರ ಸ್ವಂತ ಹೆಸರು ಬಂದಾಗ ಮೂವರಲ್ಲಿ ಸುಮಾರು ಒಬ್ಬರಿಗೆ ಅದು ಕೇಳಿಸಿತು. ತನಗೆ ಬೇಕಾದದ್ದಕ್ಕೆ ಬಾಗಿಲು ಸ್ವಲ್ಪ ತೆರೆದೇ ಇರುತ್ತದೆ.

ಸ್ವಿಟ್ಜರ್ಲೆಂಡಿನಲ್ಲಿ ವೊಲ್ಫ್ರಾಮ್ ಶುಲ್ಟ್ಸ್ ಮಂಗಗಳ ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕವನ್ನು ಬಿಡುವ ನರಕೋಶಗಳನ್ನು ಗಮನಿಸುತ್ತಿದ್ದರು. ಮಂಗಕ್ಕೆ ಒಂದು ಹನಿ ಹಣ್ಣಿನ ರಸ ಸಿಕ್ಕಾಗ ಆ ಕೋಶಗಳು ಚುರುಕಾಗುತ್ತಿದ್ದವು. ರಸ ಕೊಡುವ ಮುಂಚೆ ಪ್ರತಿ ಸಲ ಒಂದು ದೀಪ ಹೊತ್ತಿಸುತ್ತ ಹೋದಾಗ, ಕೆಲ ಕಾಲದ ನಂತರ ಕೋಶಗಳು ದೀಪಕ್ಕೇ ಚುರುಕಾದವು. ರಸ ಬಂದಾಗ ಸುಮ್ಮನಿದ್ದವು. ದೀಪ ಹೊತ್ತಿಸಿ ರಸ ಕೊಡದೆ ಹೋದರೆ, ಬರಬೇಕಾದ ಗಳಿಗೆಯಲ್ಲಿ ಅವುಗಳ ಚಟುವಟಿಕೆ ಎಂದಿಗಿಂತ ಕೆಳಗಿಳಿಯಿತು. 1997ರಲ್ಲಿ ಶುಲ್ಟ್ಸ್ ಮತ್ತು ಇಬ್ಬರು ಸಹೋದ್ಯೋಗಿಗಳು ಇದನ್ನು ಹೀಗೆ ಅರ್ಥೈಸಿದರು: ಈ ಕೋಶಗಳು ಹೇಳುವುದು ಸುಖವನ್ನಲ್ಲ, ನಿರೀಕ್ಷೆಗೂ ವಾಸ್ತವಕ್ಕೂ ಇರುವ ವ್ಯತ್ಯಾಸವನ್ನು. ಅಂದುಕೊಂಡದ್ದಕ್ಕಿಂತ ಹೆಚ್ಚು ಸಿಕ್ಕಿದರೆ ಮೇಲೆ, ಕಡಿಮೆಯಾದರೆ ಕೆಳಗೆ. ಮುಂದಿನ ಸಲ ಎಲ್ಲಿ ನೋಡಬೇಕು, ಯಾವುದಕ್ಕೆ ಶ್ರಮಪಡಬೇಕು ಎಂಬುದನ್ನು ಮಿದುಳು ಇದರಿಂದ ಕಲಿಯುತ್ತದೆ. ತರಗತಿಯಲ್ಲಿ ಕೈ ಎತ್ತಿದಾಗಲೆಲ್ಲ ಬೈಗುಳ ತಿಂದ ಹುಡುಗನ ಮಿದುಳು ಏನು ಕಲಿತಿರುತ್ತದೆಂದು ನೀವೇ ಊಹಿಸಿ. ಅದು ಕಲಿತದ್ದು ತಪ್ಪೇನೂ ಅಲ್ಲ.

ಹಾಗೆಂದು ಪ್ರತಿಯೊಂದಕ್ಕೂ ಬಹುಮಾನ ಹಚ್ಚಿದರೆ ಸರಿಹೋಯಿತೆ? ಅದೂ ಇಲ್ಲ. 1973ರಲ್ಲಿ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು ಚಿತ್ರ ಬರೆಯುವುದನ್ನು ತಾವಾಗಿಯೇ ಇಷ್ಟಪಡುವ ಪುಟ್ಟ ಮಕ್ಕಳನ್ನು ಆರಿಸಿಕೊಂಡರು. ಕೆಲವರಿಗೆ "ಬರೆದರೆ ಪ್ರಶಸ್ತಿಪತ್ರ ಕೊಡುತ್ತೇವೆ" ಎಂದು ಮೊದಲೇ ಹೇಳಿದರು. ಕೆಲವರಿಗೆ ಹೇಳದೆ ಕೊಟ್ಟರು, ಕೆಲವರಿಗೆ ಕೊಡಲೇ ಇಲ್ಲ. ಕೆಲ ದಿನ ಬಿಟ್ಟು ನೋಡಿದರೆ, ಆಸೆ ತೋರಿಸಿ ಬರೆಸಿದ್ದ ಮಕ್ಕಳು ಉಳಿದವರ ಹೋಲಿಕೆಯಲ್ಲಿ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬರೆಯುತ್ತಿದ್ದರು. ಆಟವಾಗಿದ್ದದ್ದು ಕೂಲಿಯಾಯಿತು. ಮೊದಲ ರ‍್ಯಾಂಕ್ ಬಂದರೆ ಸೈಕಲ್ಲು ಎನ್ನುವ ತಂದೆಯರು ಇದನ್ನು ಕೇಳಿಸಿಕೊಳ್ಳಲಿ; ಮಕ್ಕಳು ನನ್ನ ಮೇಲೆ ಸಿಟ್ಟಾದರೂ ಚಿಂತೆಯಿಲ್ಲ.

ಈಗ ಗೋಪಾಲಸ್ವಾಮಿಯವರ ಕಡೆ ಮತ್ತೊಮ್ಮೆ ಬರೋಣ. ಅವರನ್ನು ಕನ್ನಡಿಗರು ಹೆಚ್ಚಾಗಿ ನೆನೆಯುವುದು ಮನಃಶಾಸ್ತ್ರಕ್ಕಾಗಿ ಅಲ್ಲ, ರೇಡಿಯೋಕ್ಕಾಗಿ. 1935ರ ಸೆಪ್ಟೆಂಬರ್ 10ರಂದು ಅವರು ಮೈಸೂರಿನ ತಮ್ಮ ಮನೆಯಲ್ಲೇ 30 ವ್ಯಾಟಿನ ಸಣ್ಣ ಪ್ರೇಷಕದಿಂದ ಬಾನುಲಿ ಪ್ರಸಾರ ಆರಂಭಿಸಿದರು. ಅದರ ಹೆಸರು ಆಕಾಶವಾಣಿ. 1950ರ ದಶಕದಲ್ಲಿ ಇಡೀ ದೇಶದ ಬಾನುಲಿಗೆ ಈ ಹೆಸರೇ ನಿಂತಿತು. ನಿಪ್ಪಾಣಿ ಆಗ ಮುಂಬಯಿ ಪ್ರಾಂತದಲ್ಲಿತ್ತು. 30 ವ್ಯಾಟಿನ ಆ ದನಿ ಇಷ್ಟು ದೂರ ಬರುವಂತಿರಲಿಲ್ಲ. ಮನಃಶಾಸ್ತ್ರದ ಪ್ರಾಧ್ಯಾಪಕರೊಬ್ಬರು ರೇಡಿಯೋ ಕಟ್ಟಿದ್ದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಕಾಲೇಜಿನ ಮೇಷ್ಟರ ಮುಂದೆ ಹುಡುಗರು ಹಾಜರಿಗಾಗಿಯಾದರೂ ಕುಳಿತಿರುತ್ತಾರೆ. ರೇಡಿಯೋದ ಮುಂದೆ ಕುಳಿತವನಿಗೆ ಬೇಸರವಾದರೆ ಗುಂಡಿ ತಿರುವಿಬಿಡುತ್ತಾನೆ, ಅವನನ್ನು ಗದರಿಸುವವರಿಲ್ಲ. ಅಲ್ಲಿ ಮಾತನಾಡುವವನೇ ತನ್ನ ಮಾತನ್ನು ಕೇಳುವಂತೆ ಮಾಡಬೇಕು. ದೂರದರ್ಶನದಲ್ಲಿ ಮಾತನಾಡುವ ನನ್ನಂಥವರಿಗೂ ಅದೇ ನಿಯಮ.

ಇನ್ನು ಒಂದು ಮುಖ್ಯ ಸಂಗತಿ ಉಳಿದಿದೆ. ಮನೆಯ ಚಿಂತೆ ಗಮನವನ್ನು ತಿನ್ನುತ್ತದೆಯೆ? ತಮಿಳುನಾಡಿನ ಕಬ್ಬು ಬೆಳೆಗಾರರಲ್ಲಿ ನಡೆದ ಒಂದು ಅಧ್ಯಯನ 2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಕಬ್ಬಿನ ರೈತನಿಗೆ ವರ್ಷಕ್ಕೆ ಒಮ್ಮೆ ದುಡ್ಡು. ಅದಕ್ಕೆ ಮೊದಲಿನ ತಿಂಗಳುಗಳು ಸಾಲದವು, ಒತ್ತೆಯವು. ನಿಮ್ಮ ಊರುಗಳಲ್ಲಿ ಕಾರ್ಖಾನೆಯ ಬಿಲ್ಲು ಬರುವ ದಾರಿ ಕಾಯುವುದನ್ನು ನೀವು ಬಲ್ಲಿರಿ. ಸಂಶೋಧಕರು 464 ರೈತರಿಗೆ ಕಟಾವಿಗೆ ಮುಂಚೆ ಮತ್ತು ಕಟಾವಿನ ನಂತರ ತರ್ಕದ, ಗಮನದ ಪರೀಕ್ಷೆಗಳನ್ನು ಕೊಟ್ಟರು. ಅದೇ ಮನುಷ್ಯ ಕೈ ಬರಿದಾಗಿದ್ದಾಗ ಹೆಚ್ಚು ತಪ್ಪು ಮಾಡಿದ, ದುಡ್ಡು ಬಂದ ಮೇಲೆ ಸುಧಾರಿಸಿದ. ಎರಡನೆಯ ಸಲ ಪರೀಕ್ಷೆಯ ರೂಢಿಯಿಂದಲೂ ಹಾಗಾಗಿರಬಹುದಲ್ಲ ಎಂಬ ಅನುಮಾನವನ್ನು ಅವರೇ ಪರಿಶೀಲಿಸಿದ್ದರು. ಅಂಕಿಸಂಖ್ಯೆಗಳ ಬಗ್ಗೆ ಬೇರೆ ವಿದ್ವಾಂಸರು ಆಕ್ಷೇಪವನ್ನೂ ಎತ್ತಿದರು. ಚರ್ಚೆ ಮುಗಿದಿಲ್ಲ. ಆದರೂ ಬಿಲ್ಲು ಬಾರದ ಮನೆಯಿಂದ ಬಂದ ಹುಡುಗ ಬೀಜಗಣಿತದ ಹೊತ್ತಿನಲ್ಲಿ ಟ್ರ್ಯಾಕ್ಟರನ್ನೇ ನೋಡುತ್ತಿದ್ದರೆ, ಅವನಿಗೆ ಅದು ಬರೀ ಟ್ರ್ಯಾಕ್ಟರು ಅಲ್ಲದಿರಬಹುದು.

ಇಷ್ಟೆಲ್ಲ ಹೇಳಿದ ಮೇಲೆ, ಎಲ್ಲ ಮಕ್ಕಳ ತೊಂದರೆಯೂ ಪರಿಸ್ಥಿತಿಯಿಂದಲೇ ಎಂದು ತಿಳಿಯಬೇಡಿ. ಕೆಲವರಿಗೆ ಗಮನ ನಿಲ್ಲಿಸುವುದೇ ಹುಟ್ಟಿನಿಂದ ಕಷ್ಟ. ಹನ್ನೆರಡು ವರ್ಷದ ಒಳಗೇ ಲಕ್ಷಣ ಕಾಣಿಸಿರುತ್ತದೆ, ಶಾಲೆಯಲ್ಲಿ ಮಾತ್ರವಲ್ಲದೆ ಮನೆಯಲ್ಲಿಯೂ ಆಟದಲ್ಲಿಯೂ ಅದೇ ಪಾಡು, ಆರು ತಿಂಗಳಾದರೂ ಕಡಿಮೆಯಾಗಿರುವುದಿಲ್ಲ. ಅಂಥವರಿಗೆ ಬೈಗುಳವೂ ಬೇಡ, ತಾಯಿತವೂ ಬೇಡ. ವೈದ್ಯರ ಸಹಾಯ ಬೇಕು. ಬೆಂಗಳೂರಿನ ನಿಮ್ಹಾನ್ಸ್ ಎಲ್ಲರಿಗೂ ಗೊತ್ತು. ನಿಮಗೆ ಹತ್ತಿರದ್ದು ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಜನ ಡಿಮ್ಹಾನ್ಸ್ ಎನ್ನುತ್ತಾರೆ.

ಅಲ್ಲಿ ಬುದ್ಧಿಯ ಪರೀಕ್ಷೆ ಮಾಡಿಸಲು ಹೇಳಿದರೆ ಹೆದರಬೇಡಿ. ನಮ್ಮ ದೇಶದ ಆಸ್ಪತ್ರೆಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಬಿನೆ-ಕಾಮತ್ ಪರೀಕ್ಷೆಯ ಕಥೆ ಕೇಳಿದರೆ ಗಡಿನಾಡಿನವರಿಗೆ ಸಮಾಧಾನವಾದೀತು. ಫ್ರಾನ್ಸಿನ ಆಲ್ಫ್ರೆಡ್ ಬಿನೆ 1905ರಲ್ಲಿ ಸಿದ್ಧಪಡಿಸಿದ ಪರೀಕ್ಷೆಯನ್ನು ಡಾ. ವಿ. ವಿ. ಕಾಮತ್ ಅವರು 1930ರ ದಶಕದಲ್ಲಿ ಧಾರವಾಡದಲ್ಲಿ ನಮ್ಮ ಮಕ್ಕಳಿಗೆ ಹೊಂದಿಸಿದರು. ಪ್ಯಾರಿಸಿನ ಮಗುವಿಗೆ ಸುಲಭವಾದ ಪ್ರಶ್ನೆ ಇಲ್ಲಿಯ ಮಗುವಿಗೂ ಸುಲಭವಾಗಿರಬೇಕೆಂದಿಲ್ಲವಲ್ಲ! ಅವರು ಅದನ್ನು ಸಿದ್ಧಪಡಿಸಿದ್ದು ಒಂದಲ್ಲ, ಎರಡು ಭಾಷೆಯ ಮಕ್ಕಳಿಗಾಗಿ: ಕನ್ನಡ ಮಾತನಾಡುವವರಿಗೆ ಮತ್ತು ಮರಾಠಿ ಮಾತನಾಡುವವರಿಗೆ. ಆದ್ದರಿಂದ ಮಗುವನ್ನು ಕರೆದುಕೊಂಡು ಹೋದಾಗ, ಅದು ಶಾಲೆಯಲ್ಲಿ ಓದುವ ಭಾಷೆ ಯಾವುದು, ಮನೆಯಲ್ಲಿ ಅಜ್ಜಿಯ ಜೊತೆ ಆಡುವ ಭಾಷೆ ಯಾವುದು ಎಂಬುದನ್ನು ಪರೀಕ್ಷಿಸುವವರಿಗೆ ಮೊದಲೇ ತಿಳಿಸಲು ಮರೆಯದಿರಿ.